ಹೆಣದ ಪಾತ್ರಕ್ಕೂ ನಟ ಬೇಕು

ಕರಾಳ ಹಾಸ್ಯದ ನಾಟಕವನ್ನು ಕೈಗೆತ್ತಿಕೊಂಡಾಗ ಬಹಳಷ್ಟು ತಂಡಗಳು ಮೊದಲು ಹುಡುಕುವುದು ನಗಿಸಬಲ್ಲ ನಟರನ್ನು. ನಾನು ಮೊದಲು ಹುಡುಕಿದ್ದು ಹೆಣವಾಗಿ ಕೂರಬಲ್ಲ ನಟನನ್ನು. ಆರು ಪಾತ್ರಗಳ ಆ ನಾಟಕವನ್ನು ತಂಡದವರೇ ಸೇರಿ ಬರೆದಿದ್ದೆವು. ಮನೆ ಮಾರುವ ಕರಾರಿಗೆ ಬೆಳಿಗ್ಗೆ ಸಹಿ ಹಾಕುತ್ತೇನೆಂದು ಒಪ್ಪಿಕೊಂಡ ತಂದೆ ಅದೇ ರಾತ್ರಿ ತನ್ನ ಒರಗುಕುರ್ಚಿಯಲ್ಲಿ ಕುಳಿತಲ್ಲೇ ತೀರಿಕೊಳ್ಳುತ್ತಾನೆ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಮತ್ತು ಅಳಿಯ ಸೇರಿ ಬೆಳಕು ಹರಿಯುವವರೆಗೆ ಅವನು ಬದುಕಿದ್ದಾನೆ ಎಂದು ತೋರಿಸಲು ಹೆಣಗುತ್ತಾರೆ. ಅಷ್ಟರಲ್ಲಿ ಮನೆ ಕೊಳ್ಳುವವನು, ಹಿರಿಯರನ್ನು ಒಮ್ಮೆ ಮಾತನಾಡಿಸಿಕೊಂಡು ಹೋಗೋಣವೆಂದು, ಬಾಗಿಲು ತಟ್ಟುತ್ತಾನೆ.

ಹೆಣ ಒಂದು ಗಂಟೆಗೂ ಹೆಚ್ಚು ಹೊತ್ತು ರಂಗದ ನಟ್ಟನಡುವೆ ಇರುತ್ತದೆ. ಗೊಂಬೆಯನ್ನು ಕೂರಿಸಿದರೆ ಕೆಲಸ ಹಗುರವಾಗುತ್ತದೆ ಎಂದು ತಂಡದಲ್ಲಿ ಕೆಲವರು ಹೇಳಿದರು. ಹಗುರವಾಗುತ್ತದೆ, ನಿಜ, ಆ ಹಗುರತನವೇ ನನಗೆ ಬೇಡವಾಗಿತ್ತು. ಗೊಂಬೆಯ ಕೈ ಜಾರಿದರೆ ಪ್ರೇಕ್ಷಕ ನಿಶ್ಚಿಂತೆಯಿಂದ ನಗುತ್ತಾನೆ. ಈಗಷ್ಟೇ ಮಾತನಾಡುತ್ತಿದ್ದ ಮನುಷ್ಯನ ಕೈ ಜಾರಿದರೆ ನಗು ಬರುವಾಗಲೇ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ನನಗೆ ಬೇಕಾಗಿದ್ದುದು ಆ ನಗು. ಸತ್ತವನ ಮೇಲೆ ಸಭೆಗೆ ಅಕ್ಕರೆ ಹುಟ್ಟದೆ ಹೋದರೆ ಬದುಕಿರುವವರ ಪರದಾಟ ಬರೀ ಓಡಾಟವಾಗಿಬಿಡುತ್ತದೆ. ಬರವಣಿಗೆಯಿಂದ ಹಿಡಿದು ಕುರ್ಚಿಯ ಕಾಲಿನವರೆಗೆ ನಾವು ಮಾಡಿಕೊಂಡ ಏರ್ಪಾಡುಗಳೆಲ್ಲ ಹೊರಟದ್ದು ಇಲ್ಲಿಂದಲೇ.

ಆದ್ದರಿಂದ ಮೊದಲ ಕಾಲು ಗಂಟೆಯನ್ನು ಬದುಕಿರುವ ತಂದೆಗೆ ಬಿಟ್ಟುಕೊಟ್ಟೆವು. ಮೊದಲ ಕರಡಿನಲ್ಲಿ ಪರದೆ ಸರಿದಾಗಲೇ ಅವನು ಸತ್ತಿದ್ದ. ಘಟನೆ ಬೇಗ ಶುರುವಾಗುತ್ತಿತ್ತು, ಆದರೆ ಸತ್ತವನು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸ ಕರಡಿನಲ್ಲಿ ಅವನಿಗೆ ಒಂದೇ ಒಂದು ಲಕ್ಷಣ ಕೊಟ್ಟೆವು. ಅವನು ಆರಂಭಿಸಿದ ಯಾವ ವಾಕ್ಯವನ್ನೂ ಮಕ್ಕಳು ಮುಗಿಸಲು ಬಿಡುವುದಿಲ್ಲ. "ಈ ಮನೆಯನ್ನು ನಾನು..." ಎನ್ನುವಷ್ಟರಲ್ಲಿ ಹಿರಿಯ ಮಗ "ಮಾರುವುದೇ ಸರಿ ಅನ್ನುತ್ತೀರಿ, ಅಲ್ಲವೇ?" ಎನ್ನುತ್ತಾನೆ. ತಂದೆ ತುಸು ತಡೆದು ತಲೆಯಾಡಿಸುತ್ತಾನೆ. ಇದು ಮೂರು ನಾಲ್ಕು ಸಲ ಆಗುವಾಗ ಸಭೆ ಮೆಲ್ಲಗೆ ನಗುತ್ತದೆ, ಜೊತೆಗೆ ಅವನ ಪಕ್ಷ ವಹಿಸತೊಡಗುತ್ತದೆ. ಅವನು ಸತ್ತ ಮೇಲೆ ಮಕ್ಕಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಇಷ್ಟು ವರ್ಷ ಅವನ ಪರವಾಗಿ ಮಾತನಾಡಿದಂತೆಯೇ ಈಗಲೂ ಮಾತನಾಡುತ್ತಾರೆ. ಮನೆ ಕೊಳ್ಳಲು ಬಂದವನಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಇಡೀ ನಾಟಕದ ಕ್ರೌರ್ಯ ಮತ್ತು ನಗು ಎರಡೂ ಅದರಲ್ಲಿವೆ ಎಂದು ನಾನು ನಂಬಿದ್ದೇನೆ.

ಹೆಣವನ್ನು ಇಟ್ಟುಕೊಂಡು ನಗಿಸುವ ನಾಟಕಗಳ ಚರಿತ್ರೆಯನ್ನು ತಾಲೀಮಿಗೆ ಮೊದಲು ತಕ್ಕಮಟ್ಟಿಗೆ ಓದಿಕೊಂಡಿದ್ದೆ. ಅದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇಂಗ್ಲಿಷ್ ನಾಟಕಕಾರ ಜೋ ಆರ್ಟನ್‌ನ ‘ಲೂಟ್’ ನಾಟಕದ ಅನುಭವ. ಮಗನೊಬ್ಬ ಗೆಳೆಯನ ಜೊತೆ ಸೇರಿ ತಾಯಿಯ ಹೆಣವನ್ನು ಪೆಟ್ಟಿಗೆಯಿಂದ ಬೀರುವಿಗೆ ದಾಟಿಸಿ, ಪೆಟ್ಟಿಗೆಯಲ್ಲಿ ಕದ್ದ ಹಣವನ್ನು ತುಂಬುವ ಕಥೆ ಅದು. 1965ರಲ್ಲಿ ಇಂಗ್ಲೆಂಡಿನ ಊರುಗಳಲ್ಲಿ ಪ್ರದರ್ಶನಗೊಂಡಾಗ ನಾಟಕ ಸೋತಿತು. ತಿದ್ದಿ ಬರೆದು 1966ರಲ್ಲಿ ಲಂಡನ್ನಿನಲ್ಲಿ ಹೊಸದಾಗಿ ಕಟ್ಟಿದಾಗ ಗೆದ್ದಿತು. ತನ್ನ ನಾಟಕಗಳನ್ನು ಶೈಲಿಯ ಕಸರತ್ತಾಗಿಸದೆ ನಿಜವೆಂಬಂತೆ ಗಂಭೀರವಾಗಿ ಅಭಿನಯಿಸಬೇಕು ಎಂಬುದು ಆರ್ಟನ್‌ನ ಪಟ್ಟು. ಈ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿಯೂ ಇದಕ್ಕೆ ಹತ್ತಿರದ ಎಚ್ಚರಿಕೆ ಇದೆ. 14ನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಭಯಾನಕ ಮತ್ತು ಕರುಣ ರಸಗಳನ್ನು ಹಾಸ್ಯದ ವಿರೋಧಿಗಳೆಂದು ಹೇಳುತ್ತಾನೆ. ಹಾಗಾದರೆ ಕರಾಳ ಹಾಸ್ಯ ಸಾಧ್ಯವೇ ಇಲ್ಲವೇ ಎಂದು ನಮ್ಮ ಹಿರಿಯ ಮಗನ ಪಾತ್ರಧಾರಿ ಕೇಳಿದ. ಒಬ್ಬನೇ ನಟನ ಮುಖದಲ್ಲಿ ಎರಡನ್ನೂ ಒಟ್ಟಿಗೆ ತರಲು ಹೋದರೆ ಖಂಡಿತ ಸಾಧ್ಯವಿಲ್ಲ ಎಂದೆ. ಅಳುಮುಖ ಮಾಡಿಕೊಂಡು ಕಣ್ಣು ಮಿಟುಕಿಸುವ ನಟನೆ ಎರಡೂ ರಸಗಳನ್ನು ಕೊಲ್ಲುತ್ತದೆ. ರಂಗದ ಮೇಲೆ ಭಯ ಮತ್ತು ದುಃಖ ಮಾತ್ರ ಇರಲಿ, ನಗು ಸಭೆಯಲ್ಲಿ ಹುಟ್ಟಲಿ ಎಂದು ಹಂಚಿಕೊಂಡೆವು. ಆರಂಭದ ತಾಲೀಮುಗಳಲ್ಲಿ ಇಡೀ ನಾಟಕವನ್ನು ದುರಂತವೆಂದೇ ಆಡಿದೆವು. ಬೆಳಗಾಗುವಷ್ಟರಲ್ಲಿ ಸಹಿ ಸಿಗದಿದ್ದರೆ ನಿನಗೆ ಏನು ನಷ್ಟ ಎಂಬ ಪ್ರಶ್ನೆಗೆ ಪ್ರತಿಯೊಬ್ಬ ನಟನೂ ಉತ್ತರ ಹುಡುಕಿಕೊಳ್ಳಬೇಕಾಗಿತ್ತು. ಹಿರಿಯವನಿಗೆ ಸಾಲ, ಕಿರಿಯವನಿಗೆ ಊರು ಬಿಡುವ ಅವಕಾಶ, ಅಳಿಯನಿಗೆ ಮರ್ಯಾದೆ. ಮಗಳ ಪಾತ್ರಧಾರಿ ಮಾತ್ರ ತನಗೆ ನಷ್ಟವೇ ಇಲ್ಲ, ಸಹಿಯಾದರೆ ಅಪ್ಪ ಸತ್ತದ್ದು ನಿಜವಾಗುತ್ತದೆ, ಅದಕ್ಕಾಗಿ ಬೆಳಗಾಗುವುದೇ ಬೇಡವೆನಿಸುತ್ತದೆ ಎಂದಳು. ಅವಳ ಆ ಮಾತಿನಿಂದ ಎರಡನೆಯ ಭಾಗದ ಅರ್ಧವನ್ನು ತಿದ್ದಿ ಬರೆದೆವು.

ಇನ್ನು ಹೆಣದ ಕೆಲಸ. ಇದರ ಬಗ್ಗೆ ಬರೆದವರು ಕಡಿಮೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಮೊದಲನೆಯ ಸಮಸ್ಯೆ ಉಸಿರು. ಸುಮ್ಮನೆ ಕುಳಿತ ವಯಸ್ಕ ವ್ಯಕ್ತಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಸಣ್ಣ ರಂಗಮಂದಿರದಲ್ಲಿ ಮುಂದಿನ ಸಾಲಿನವರು ನಟನಿಂದ ನಾಲ್ಕು ಹೆಜ್ಜೆ ದೂರದಲ್ಲಿರುತ್ತಾರೆ. ಯಾರಾದರೂ ಸತ್ತರು ಎಂದೊಡನೆ ಎಲ್ಲರ ಕಣ್ಣೂ ನೇರವಾಗಿ ಹೊಟ್ಟೆಯ ಮೇಲೆಯೇ ಹೋಗುತ್ತದೆ. ಕುರ್ಚಿಯನ್ನು ಸಭೆಗೆ ಓರೆಯಾಗಿ ತಿರುಗಿಸಿ, ಮಡಿಕೆ ಮಡಿಕೆಯಾದ ದಪ್ಪ ಶಾಲು ಹೊದಿಸಿ, ತೊಡೆಯ ಮೇಲೊಂದು ದಿಂಬು ಇಟ್ಟೆವು. ಶಾಲು ಗೆರೆಗೆರೆಯಾಗಿದ್ದರೆ ಉಸಿರಿನ ಏರಿಳಿತ ಎದ್ದು ಕಾಣುತ್ತದೆ. ಒಂದೇ ಕಡುಬಣ್ಣದ್ದಾದರೆ ಕಾಣುವುದಿಲ್ಲ. ನಟ ಎದೆಯನ್ನು ಬಿಟ್ಟು ಪಕ್ಕೆಲುಬಿನ ಹಿಂಭಾಗಕ್ಕೆ, ಕುರ್ಚಿಯ ಬೆನ್ನಿನ ಕಡೆಗೆ, ಸಣ್ಣದಾಗಿ ಉಸಿರು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿದ. ದೀರ್ಘ ಉಸಿರು ಬೇಕೆನಿಸಿದಾಗ ಬೇರೆ ನಟನೊಬ್ಬ ಅವನ ಮುಂದೆ ಹಾದುಹೋಗುವ ಕ್ಷಣಗಳನ್ನು ನಡೆಯಲ್ಲಿಯೇ ಸೇರಿಸಿದೆವು. ಅಷ್ಟಾಗಿಯೂ ಸಭೆಯ ಕಣ್ಣು ಅಲ್ಲಿಂದ ಕದಲದಿದ್ದರೆ? ಅದಕ್ಕೆ ಅಳಿಯನನ್ನು ಬಳಸಿಕೊಂಡೆವು. ಸಾವು ತಿಳಿದ ಕೂಡಲೇ ಅವನು ಮೊಣಕಾಲೂರಿ ಕುಳಿತು, ಮಾವನ ಎದೆಗೆ ಮುಖ ತಂದು, ಸದ್ದಿಲ್ಲದೆ ದಿಟ್ಟಿಸುತ್ತಾನೆ. ಸುಮಾರು ಇಪ್ಪತ್ತು ಸೆಕೆಂಡು. ಆ ಹೊತ್ತಿನಲ್ಲಿ ನಟ ಉಸಿರನ್ನು ಪೂರ್ತಿಯಾಗಿ ಹಿಡಿದಿರುತ್ತಾನೆ. ಸಭೆಯೂ ಅಳಿಯನ ಜೊತೆ ನೋಡುತ್ತದೆ, ಉಸಿರಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಯಾರೂ ಮತ್ತೆ ಪರೀಕ್ಷಿಸಲು ಹೋಗುವುದಿಲ್ಲ. ಅನುಮಾನವನ್ನು ನಾವೇ ಮೊದಲು ರಂಗದ ಮೇಲೆ ತಂದು ತೀರಿಸಿದರೆ ಅದು ಸಭೆಯನ್ನು ಕಾಡುವುದಿಲ್ಲ ಎಂಬುದು ನನಗೆ ಗಟ್ಟಿಯಾದದ್ದು ಆ ಇಪ್ಪತ್ತು ಸೆಕೆಂಡುಗಳಲ್ಲಿ.

ಕಣ್ಣು ಮುಚ್ಚಿದರೆ ಸಾಲದು. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆ ಆಚೀಚೆ ಓಡಾಡುತ್ತಿದ್ದರೆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರೆಪ್ಪೆಯ ಹಿಂದೆಯೇ ತನ್ನ ಹೆಬ್ಬೆರಳನ್ನು ನೋಡುತ್ತಿರುವಂತೆ ದೃಷ್ಟಿಯನ್ನು ಕೆಳಗೆ ನೆಡಬೇಕು. ಸೀನು ಮತ್ತು ಕೆಮ್ಮಿಗೆ ಬರವಣಿಗೆಯಲ್ಲೇ ದಾರಿ ಮಾಡಿಕೊಂಡೆವು: ಕಿರಿಯ ಮಗನಿಗೆ ಮೊದಲ ದೃಶ್ಯದಿಂದಲೇ ನೆಗಡಿ. ಹೆಣ ಸೀನಿದರೆ ಅವನು ತಕ್ಷಣ ಮೂಗು ಒರೆಸಿಕೊಳ್ಳಬೇಕು. ಒಂದು ಪ್ರದರ್ಶನದಲ್ಲಿ ಇದರ ಅಗತ್ಯ ಬಿದ್ದಿತು. ಅದನ್ನು ಸಭೆ ಗಮನಿಸಲೇ ಇಲ್ಲ.

ಕೈ ಜಾರುವ ದೃಶ್ಯಕ್ಕೆ ನಾವು ಕೊಟ್ಟಷ್ಟು ಸಮಯವನ್ನು ನಾಟಕದ ಇನ್ಯಾವ ಭಾಗಕ್ಕೂ ಕೊಡಲಿಲ್ಲ. ಕೊಳ್ಳುವವನು ಎದುರಿಗೆ ಕುಳಿತು ಮನೆಯ ಅಡಿಪಾಯದ ಬಗ್ಗೆ ಕೇಳುತ್ತಿರುತ್ತಾನೆ. ಹಿರಿಯ ಮಗ "ಅಪ್ಪ ಇರುವವರೆಗೂ ಒಂದು ಕಲ್ಲೂ ಅಲುಗಿಲ್ಲ" ಎನ್ನುತ್ತಾನೆ. ಆಗ ತಂದೆಯ ಬಲಗೈ ಕುರ್ಚಿಯ ತೋಳಿನಿಂದ ಜಾರಿ ಕೆಳಗೆ ಬೀಳುತ್ತದೆ. ಬದುಕಿರುವವನು ಕೈ ಬೀಳಿಸಿದರೆ ಅದರಲ್ಲಿ ಸ್ನಾಯುವಿನ ಸಣ್ಣ ತಳ್ಳುವಿಕೆ ಇರುತ್ತದೆ, ಅದು ಕಂಡುಬಿಡುತ್ತದೆ. ಹಾಗಾಗಿ ಮೊಣಕೈಯನ್ನು ಮೊದಲೇ ತೋಳಿನ ಅಂಚಿಗೆ ತಂದು, ಎರಡು ಬೆರಳುಗಳ ಹಿಡಿತದ ಮೇಲೆ ಇಡೀ ಕೈಯ ಭಾರವನ್ನು ನಿಲ್ಲಿಸಿ, ಕ್ಯೂ, ಅಂದರೆ ನಟನಿಗೆ ಕೊಡುವ ಸೂಚನೆ, ಬಂದಾಗ ಆ ಎರಡು ಬೆರಳುಗಳನ್ನು ಸಡಿಲಿಸುವುದು. ಕೈ ತನ್ನ ಭಾರದಿಂದ ತಾನೇ ಬೀಳುತ್ತದೆ, ಒಮ್ಮೆ ತೂಗಾಡಿ ನಿಲ್ಲುತ್ತದೆ. ನಟನ ಕಣ್ಣು ಮುಚ್ಚಿರುವುದರಿಂದ ಕ್ಯೂ ಕಿವಿಯ ಮೂಲಕವೇ ಸಿಗಬೇಕು. ಕೊಳ್ಳುವವನು ಲೋಟವನ್ನು ಮೇಜಿನ ಮೇಲೆ ಇಡುವ ಸದ್ದನ್ನು ಗುರುತಾಗಿ ಇಟ್ಟುಕೊಂಡೆವು.

ಆಗ ಸಭೆ ಭೋರೆಂದು ನಗುತ್ತದೆ. ಅದೇ ನಗುವಿನ ಕೊನೆಯಲ್ಲಿ ಮಗಳು ಬಂದು, ನೆಲದ ಕಡೆ ಜೋತಾಡುವ ಆ ಕೈಯನ್ನು ಎತ್ತಿ, ಮತ್ತೆ ಕುರ್ಚಿಯ ತೋಳಿನ ಮೇಲಿಡಬೇಕು. ಮೊದಮೊದಲು ಅವಳು ಬೇಗ ಎತ್ತಿಡುತ್ತಿದ್ದಳು, ಕೊಳ್ಳುವವನು ನೋಡಿಬಿಡುತ್ತಾನೆಂಬ ಗಾಬರಿಯಲ್ಲಿ. ಅದು ತರ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಒಂದು ತಾಲೀಮಿನಲ್ಲಿ ಅವಳು ಕೈ ಎತ್ತಿದವಳು, ಇಡುವ ಮುನ್ನ ತನ್ನೆರಡು ಅಂಗೈಗಳ ನಡುವೆ ಹಿಡಿದು ಉಜ್ಜಿದಳು. ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡುವಂತೆ ಉಜ್ಜುವುದು, ಅಷ್ಟೆ. ನಾನು ಹೇಳಿಕೊಟ್ಟದ್ದಲ್ಲ. ಕೋಣೆಯಲ್ಲಿ ಕುಳಿತಿದ್ದ ನಾವೆಲ್ಲ ನಗುತ್ತಿದ್ದವರು ನಗು ನಿಲ್ಲಿಸಿಬಿಟ್ಟೆವು. ಆ ಕ್ಷಣವನ್ನು ಹಾಗೆಯೇ ಉಳಿಸಿಕೊಂಡೆವು. ಪ್ರತಿ ಪ್ರದರ್ಶನದಲ್ಲೂ ಅಲ್ಲಿ ನಗು ತುಂಡಾಗುತ್ತಿತ್ತು, ಮತ್ತು ಅದರ ನಂತರದ ನಗುಗಳು ಬೇರೆಯೇ ದನಿಯಲ್ಲಿ ಬರುತ್ತಿದ್ದವು.

ಕೈ ಹೀಗೆ ಮೆತ್ತಗೆ ಬೀಳಬೇಕಾದರೆ ಕಥೆಯ ಕಾಲವೂ ಹೊಂದಬೇಕು. ಸಾವಿನ ನಂತರ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಗಳಲ್ಲಿ ರೆಪ್ಪೆ, ದವಡೆ, ಕುತ್ತಿಗೆಯಿಂದ ಆರಂಭಿಸಿ ಸ್ನಾಯುಗಳು ಸೆಟೆಯತೊಡಗುತ್ತವೆ. ಸುಮಾರು 12 ಗಂಟೆಗಳಲ್ಲಿ ಇಡೀ ದೇಹ ಬಿಗಿಯಾಗುತ್ತದೆ. ಆದ್ದರಿಂದ ಕೊಳ್ಳುವವನ ಮೊದಲ ಭೇಟಿಯನ್ನು ಸಾವಾದ ಒಂದು ಗಂಟೆಯೊಳಗೆ ತಂದೆವು. ಎರಡನೆಯ ಭಾಗವನ್ನು ಬೆಳಗಿನ ಜಾವಕ್ಕೆ ಒಯ್ದೆವು. ಅಲ್ಲಿ ಸೆಟೆದ ಬೆರಳುಗಳ ನಡುವೆ ಪೆನ್ನನ್ನು ಸಿಕ್ಕಿಸಲು ಮಕ್ಕಳು ಒದ್ದಾಡುವುದೇ ದೃಶ್ಯ. ವೈದ್ಯಶಾಸ್ತ್ರದ ಈ ಸಂಗತಿ ನಾಟಕದ ರಚನೆಯನ್ನೇ ಕೊಟ್ಟಿತು: ಮೊದಲ ಭಾಗದಲ್ಲಿ ತಂದೆ ಹೇಳಿದಂತೆ ಕೇಳುತ್ತಾನೆ, ಎರಡನೆಯ ಭಾಗದಲ್ಲಿ ಕೇಳುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವನು ಮಕ್ಕಳಿಗೆ ಎದುರು ನಿಲ್ಲುವುದು ಸತ್ತ ಮೇಲೆ.

ಹೆಣವನ್ನು ಎತ್ತಿ ಸಾಗಿಸುವ ದೃಶ್ಯವನ್ನು ಕೈಬಿಟ್ಟೆವು. ಕುಳಿತ ಭಂಗಿಯಲ್ಲಿ ಸೆಟೆದ ದೇಹವನ್ನು ಇಬ್ಬರು ಎತ್ತಿದರೆ ಎತ್ತುವವರ ಬೆನ್ನಿಗೂ ನಟನ ಕುತ್ತಿಗೆಗೂ ಅಪಾಯ. ಕುರ್ಚಿಯ ಕಾಲುಗಳಿಗೆ ಕಾಣದಂತೆ ಗಾಲಿ ಜೋಡಿಸಿ, ಹಿಂದಿನ ಒಂದು ಗಾಲಿಗೆ ಕಾಲಿನಿಂದ ಒತ್ತುವ ತಡೆ ಹಾಕಿಸಿದೆವು. ತಡೆಯನ್ನು ಪರೀಕ್ಷಿಸುವುದು ಪ್ರದರ್ಶನಕ್ಕೆ ಮುಂಚೆ ರಂಗನಿರ್ವಾಹಕಿ ಮಾಡುತ್ತಿದ್ದ ಕೊನೆಯ ಕೆಲಸ.

ಸಂಭಾಷಣೆಯಲ್ಲಿ ಹೆಚ್ಚು ತಿದ್ದಿದ್ದು ಮಾತಿನ ಕ್ರಮವನ್ನು. ಕನ್ನಡದ ವಾಕ್ಯ ಸಹಜವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಗು ಹುಟ್ಟಿಸುವ ಸಂಗತಿ ವಾಕ್ಯದ ನಡುವೆ ಬಂದುಹೋದರೆ ಸಭೆ ಕ್ರಿಯಾಪದಕ್ಕಾಗಿ ಕಾಯುತ್ತಾ ನಗುವನ್ನು ನುಂಗಿಬಿಡುತ್ತದೆ. "ಸಹಿ ಮಾಡುವ ಮೊದಲೇ ಅಪ್ಪ ಹೋಗಿಬಿಟ್ಟರು" ಎಂದರೆ ಅದು ವರದಿ. "ಅಪ್ಪ ಹೋಗಿಬಿಟ್ಟರು" ಎಂದು ನಿಲ್ಲಿಸಿ, ಹಿರಿಯ ಮಗ ಕುಸಿದು ಕುಳಿತು, ಕಣ್ಣೊರೆಸಿಕೊಂಡು, ಆಮೇಲೆ "ಸಹಿ ಮಾಡುವ ಮೊದಲೇ" ಎಂದರೆ ದುಃಖಕ್ಕೆ ಅದರ ಜಾಗ ಸಿಗುತ್ತದೆ, ಅದರ ಹಿಂದೆಯೇ ನಗುವಿಗೂ ಸಿಗುತ್ತದೆ. ಕಣ್ಣೊರೆಸಿಕೊಳ್ಳುವುದು ನಿಜವಾಗಿರಬೇಕು. ನಟ ಮುಂದಿನ ಮೂರು ಪದಗಳನ್ನು ಮನಸ್ಸಿನಲ್ಲಿ ಸವಿಯುತ್ತಾ ಕಣ್ಣೊರೆಸಿಕೊಂಡರೆ ಎರಡೂ ಹೋಗುತ್ತವೆ.

ಸಭೆಯ ನಗುವನ್ನು ದಾಖಲಿಸಲು ಭರತನ ನಾಟ್ಯಶಾಸ್ತ್ರದ ಸಹಾಯ ಪಡೆದೆವು. ಅಲ್ಲಿ ನಗುವಿಗೆ ಆರು ಬಗೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳ್ನಗೆಯಿಂದ ಅಂಕೆ ತಪ್ಪಿದ ಅಬ್ಬರದವರೆಗೆ ಏರುವ ವರ್ಗೀಕರಣ. ನಟ ಹೇಗೆ ನಗಬೇಕೆಂದು ಹೇಳುವ ಆ ಪಟ್ಟಿಯನ್ನು ನಾವು ಸಭೆಯ ಕಡೆ ತಿರುಗಿಸಿದೆವು. ರಂಗನಿರ್ವಾಹಕಿ ತನ್ನ ಪ್ರತಿಯ ಅಂಚಿನಲ್ಲಿ ಪ್ರತಿ ಪ್ರದರ್ಶನದಲ್ಲೂ ಎಲ್ಲಿ ಯಾವ ನಗು ಬಂದಿತೆಂದು ಗುರುತು ಹಾಕುತ್ತಿದ್ದಳು. ಕೆಲವು ಪ್ರದರ್ಶನಗಳ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅತಿಹಸಿತ ಬಂದ ಕಡೆಗಳ ನಂತರದ ದೃಶ್ಯ ಸೊರಗುತ್ತಿರುವುದು ಕಾಣಿಸಿತು. ಸಭೆ ದಣಿದು, ಮುಂದಿನದನ್ನೂ ನಗೆಯಾಟವೆಂದೇ ನೋಡುತ್ತಿತ್ತು. ಅಳಿಯ ಮಾವನ ದನಿಯಲ್ಲಿ ಮಾತನಾಡುವ ಒಂದು ತುಣುಕು ಪ್ರತಿ ಸಲವೂ ಚಪ್ಪಾಳೆ ಗಿಟ್ಟಿಸುತ್ತಿತ್ತು, ಅದನ್ನು ತೆಗೆದೆವು. ಚೆನ್ನಾಗಿ ಆಡುತ್ತಿದ್ದ ನಟನಿಗೆ ಬೇಸರವಾಯಿತು. ಆದರೆ ಆ ತುಣುಕಿನಲ್ಲಿ ಜನ ನಗುತ್ತಿದ್ದುದು ಮುದುಕನ ನಡುಗುವ ದನಿಗೆ. ಮುಪ್ಪು, ಕಾಯಿಲೆ, ಸಾವು ಇವುಗಳಿಗೆ ಯಾರೂ ನಗಬಾರದು, ಅವುಗಳ ಮುಂದೆ ಆಸೆ ಹೊತ್ತು ನಿಂತವರನ್ನು ಕಂಡು ನಗಬೇಕು. ಈ ಗೆರೆಯ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ನಗು ಬಂದಾಗ ನಟ ಕಾಯಬೇಕು, ಆದರೆ ಕಾಯುತ್ತಿರುವುದು ಗೊತ್ತಾಗಬಾರದು. ನಗು ತುದಿಗೇರಿ ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲೇ, ಮುಂದಿನ ಮಾತು ಬರಬೇಕು. ಅದುವರೆಗೆ ಕೈಗೆ ಕೆಲಸವಿರಲಿ ಎಂದು ಪ್ರತಿಯೊಬ್ಬರಿಗೂ ಒಂದೊಂದು ಪರಿಕರ ಕೊಟ್ಟಿದ್ದೆವು: ಕರಾರು ಪತ್ರದ ಹಾಳೆಗಳು, ಕರವಸ್ತ್ರ, ಪೆನ್ನಿನ ಮುಚ್ಚಳ. ಜನ ಚದುರಿ ಕುಳಿತರೆ ನಗುವೇ ಹರಡುವುದಿಲ್ಲ. ಅರ್ಧ ತುಂಬಿದ ದಿನಗಳಲ್ಲಿ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಒತ್ತಾಗಿ ಕೂರಿಸುತ್ತಿದ್ದೆವು. ಪಕ್ಕದವನು ನಗುವುದು ಕೇಳಿಸಿದಾಗಲೇ, ಹೆಣದ ಮುಂದೆ ನಗಬಹುದೇ ಎಂಬ ಸಂಕೋಚ ಬಿಡುವುದು.

ಬೆಳಕು ಮನೆಯ ದೀಪದ ಬಣ್ಣದ್ದೇ. ಸಾವಿನ ಹೊತ್ತಿಗೆ ನೀಲಿ ಬೆಳಕು ಕೊಡುವ ರೂಢಿಯನ್ನು ಬಿಟ್ಟೆವು, ಸಂಗೀತವನ್ನೂ ಇಡಲಿಲ್ಲ. ತಂದೆ ಸಾಯುವ ಕ್ಷಣಕ್ಕೆ ಯಾವ ಸೂಚನೆಯೂ ಇಲ್ಲ. ಮಕ್ಕಳು ಜಗಳವಾಡುತ್ತಿರುವಾಗ ಅವನು "ನನಗೆ ಒಂದು ಮಾತು..." ಎನ್ನುತ್ತಾನೆ, ಕಿರಿಯ ಮಗ ಎಂದಿನಂತೆ ಅದನ್ನು ಮುಗಿಸಿಬಿಡುತ್ತಾನೆ, ಈ ಬಾರಿ ತಂದೆ ತಲೆಯಾಡಿಸುವುದಿಲ್ಲ. ಅದನ್ನು ಮೊದಲು ಗಮನಿಸುವವರು ಪ್ರೇಕ್ಷಕರು. ಮಕ್ಕಳಿಗೆ ತಿಳಿಯಲು ಇನ್ನೂ ಎರಡು ನಿಮಿಷ ಬೇಕು, ಮತ್ತು ಆ ಎರಡು ನಿಮಿಷಗಳ ಜಗಳವನ್ನು ನಾವು ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಸಭೆಯಲ್ಲಿ ಇರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ನಾಟಕದಲ್ಲಿ ಸಾವು ಮತ್ತು ಶವದ ದೃಶ್ಯಗಳಿವೆ ಎಂದು ಭಿತ್ತಿಪತ್ರದಲ್ಲೂ ಪ್ರವೇಶದ್ವಾರದಲ್ಲೂ ಬರೆದು ಹಾಕಿದೆವು. ಸಭೆಯ ಕುತೂಹಲ ಇದರಿಂದ ಕೆಡುತ್ತದೆ ಎಂಬ ಆಕ್ಷೇಪ ಬಂದಿತು. ಕೆಡಲಿಲ್ಲ. ಎದ್ದು ಹೋಗಲು ಅನುಕೂಲವಾಗುವಂತೆ ಸಾಲಿನ ಅಂಚಿನ ಕೆಲವು ಆಸನಗಳನ್ನು ಕೇಳಿದವರಿಗಾಗಿ ಉಳಿಸುತ್ತಿದ್ದೆವು. ಆ ಆಸನಗಳನ್ನು ಕೇಳಿ ಪಡೆದವರಲ್ಲಿ ಹಲವರು ಕೊನೆಯವರೆಗೂ ಕುಳಿತರು.

ವಂದನೆಗೆ ಹೆಣ ಏಳಬೇಕೇ ಬೇಡವೇ ಎಂಬುದರ ಬಗ್ಗೆ ತಂಡದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕುರ್ಚಿಯಲ್ಲೇ ಬಿಟ್ಟರೆ ಪರಿಣಾಮ ಹೆಚ್ಚು ಎಂದವರಿದ್ದರು. ಏಳಲೇಬೇಕು ಎಂದೆ. ಒಂದು ಗಂಟೆ ಅವನನ್ನು ಸತ್ತವನೆಂದು ನಂಬಿ ಕುಳಿತವರಿಗೆ ಅವನು ಎದ್ದು ನಿಲ್ಲುವುದನ್ನು ನೋಡುವ ಹಕ್ಕಿದೆ. ದುಡಿದ ನಟನಿಗೆ ಚಪ್ಪಾಳೆಯ ಹಕ್ಕಿದೆ. ಆದರೆ ಅಷ್ಟು ಹೊತ್ತು ಅಲ್ಲಾಡದೆ ಕುಳಿತವನ ಕಾಲು ಜೋಮು ಹಿಡಿದಿರುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಹಾಗಾಗಿ ಉಳಿದ ಐವರು ಒಬ್ಬೊಬ್ಬರಾಗಿ ಬಂದು ವಂದಿಸುವಷ್ಟರಲ್ಲಿ ಅವನು ಶಾಲಿನ ಕೆಳಗೆ ಕಾಲ್ಬೆರಳು, ಪಾದ, ಮೀನಖಂಡಗಳನ್ನು ಆಡಿಸಿಕೊಂಡು ಸಿದ್ಧನಾಗುತ್ತಿದ್ದ. ಕೊನೆಗೆ ಮಗಳು ಕೈ ಚಾಚುತ್ತಿದ್ದಳು, ಅವಳನ್ನು ಆಧರಿಸಿ ಏಳುತ್ತಿದ್ದ.

ಮರುಪ್ರದರ್ಶನಗಳ ಹೊತ್ತಿಗೆ ತಂದೆಯ ಪಾತ್ರಕ್ಕೆ ಬೇರೆ ನಟ ಬಂದರು. ಉಸಿರು ಹಿಡಿಯುವುದನ್ನೂ ಕೈ ಬೀಳಿಸುವುದನ್ನೂ ಮೊದಲು ಕಲಿಸಿ, ಅದೇ ಕಷ್ಟದ ಭಾಗ ಎಂದು ಅವರು ಕೇಳಿಕೊಂಡರು. ನಾನು ಮೊದಲ ಕಾಲು ಗಂಟೆಯಿಂದಲೇ ಶುರುಮಾಡಿಸಿದೆ: ವಾಕ್ಯ ಆರಂಭಿಸುವುದು, ತಡೆಯುವುದು, ತಲೆಯಾಡಿಸುವುದು. ತಡೆದ ಆ ಕ್ಷಣದಲ್ಲಿ ತಂದೆ ಏನು ಹೇಳಬೇಕೆಂದಿದ್ದ ಎಂಬುದನ್ನು ಪ್ರತಿ ವಾಕ್ಯಕ್ಕೂ ಅವರೇ ಬರೆದು ತಂದರು. ಆ ಹಾಳೆಗಳನ್ನು ಮಕ್ಕಳ ಪಾತ್ರಧಾರಿಗಳಿಗೆ ನಾವು ತೋರಿಸಲಿಲ್ಲ. ಕುರ್ಚಿಯನ್ನು ತಾಲೀಮಿನ ಕೋಣೆಗೆ ತಂದದ್ದು ಅದೆಲ್ಲ ಮುಗಿದ ಮೇಲೆ.